ಮೂರನೇ ಸಲ ಜಾರಿದ ಕೈ

ರಂಗಮಂದಿರದ ಹಿಂದಿನ ಕೋಣೆಯಲ್ಲಿ ಕತ್ತರಿ ತನ್ನ ಭಾವನ ಗಡ್ಡ ಬೋಳಿಸುತ್ತಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ. ಬ್ರಷ್ಷು ಬಟ್ಟಲಿಗೆ ತಾಗುವ ಸದ್ದು, ರೇಜರ್ ಚರ್ಮದ ಮೇಲೆ ಹಾಯುವ ಸದ್ದು, ಮೂಲೆಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು, ಅಷ್ಟೇ. ನಾಟಕದ ದಿನ ಪಾತ್ರಧಾರಿಗಳ ಗಡ್ಡವನ್ನು ಕತ್ತರಿಯೇ ಬೋಳಿಸಬೇಕು, ಆ ಹೊತ್ತಿನಲ್ಲಿ ಯಾರೂ ಬಾಯಿ ಬಿಡಬಾರದು ಎನ್ನುವುದು ಆ ತಂಡದ ಹಳೇ ಪದ್ಧತಿ. ಬಾಯಿ ಬಿಟ್ಟರೆ ಕಲಿತ ಮಾತೆಲ್ಲ ಸೋರಿ ಹೋಗುತ್ತದಂತೆ. ಕತ್ತರಿ ನಾಟಕ ಮಾಡುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಈ ಕೆಲಸವನ್ನು ಬಿಟ್ಟಿರಲಿಲ್ಲ.

ಕತ್ತರಿ ಅನ್ನುವುದು ಅವನ ಸಲೂನಿನ ಗಿರಾಕಿಗಳು ಇಟ್ಟ ಹೆಸರು. ಅವನ ನಾಲಿಗೆಯನ್ನು ನೋಡಿ ಇಟ್ಟರೋ, ಕೈಯಲ್ಲಿದ್ದದ್ದನ್ನು ನೋಡಿ ಇಟ್ಟರೋ ಗೊತ್ತಿಲ್ಲ. ಕುರ್ಚಿಯಲ್ಲಿ ಗಲ್ಲ ಎತ್ತಿ ಕೂತವನು ಬೀಗ ರಿಪೇರಿ ಮಾಡುವ ಚಾವಿ. ಕತ್ತರಿಯ ಹೆಂಡತಿಯ ಸ್ವಂತ ಅಣ್ಣ. ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ಸೈಕಲ್ಲಿನಲ್ಲಿ ಬಿದ್ದು ಒಂದೇ ಥರ ಮೊಣಕಾಲು ಒಡೆದುಕೊಂಡವರು. ಈಗ ಇಬ್ಬರಿಗೂ ಐವತ್ತು ದಾಟಿತ್ತು. ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಚಾವಿಯ ಬಾಯಲ್ಲಿ ಆ ಮಾತು ಸಲಿಗೆಯಿಂದ ಬರುತ್ತಿತ್ತು, ಕತ್ತರಿಯ ಬಾಯಲ್ಲಿ ಹಲ್ಲು ಕಚ್ಚಿಕೊಂಡು ಬರುತ್ತಿತ್ತು.

ಗಂಟಲಿನ ಉಬ್ಬಿನ ಮೇಲೆ ರೇಜರ್ ಬಂದಾಗ ಕತ್ತರಿ ಎಂದಿನಂತೆ ಒಂದು ಗಳಿಗೆ ತಡೆದ. ಎಷ್ಟು ನಿಶ್ಚಿಂತೆಯಿಂದ ಕತ್ತು ಒಡ್ಡಿ ಕೂತಿದ್ದಾನಲ್ಲ ಈ ಮನುಷ್ಯ ಎಂದು ಪ್ರತಿ ಸಲವೂ ಅವನಿಗೆ ಬೆರಗಾಗುತ್ತಿತ್ತು. ಅದರ ಹಿಂದೆಯೇ, ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ, ಅದಕ್ಕೇ ಈ ನಿಶ್ಚಿಂತೆ, ಎಂದು ಸಿಟ್ಟೂ ಬರುತ್ತಿತ್ತು.

ಕೆಲಸ ಮುಗಿಯಿತು. ಕತ್ತರಿ ಟವೆಲ್ಲಿನಿಂದ ಅವನ ಕೆನ್ನೆ ಒರೆಸಿ ಭುಜ ತಟ್ಟಿದ. ಚಾವಿ ಎದ್ದು ಕಿಟಕಿಯವರೆಗೆ ಹೋಗಿ ಹೊರಗಿನ ಬೀದಿಯನ್ನು ನೋಡುತ್ತ ನಿಂತ. ಕತ್ತರಿ ಬ್ರಷ್ಷು ತೊಳೆದು ತಿರುಗುವಷ್ಟರಲ್ಲಿ ಅವನು ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತಿದ್ದ. ಟವೆಲ್ಲನ್ನು ತಾನೇ ಕೊರಳಿಗೆ ಸುತ್ತಿಕೊಂಡು, ಗಲ್ಲ ಎತ್ತಿ, ಕಣ್ಣು ಮುಚ್ಚಿಕೊಂಡಿದ್ದ.

ಕತ್ತರಿ ಪದ್ಧತಿ ಮುರಿದ. "ಯಾಕ್ ಭಾವ, ನನ್ ಕೆಲಸ ಸರಿ ಬರ್ಲಿಲ್ವಾ?"

ಚಾವಿ ಕಣ್ಣು ಬಿಟ್ಟ. ಕನ್ನಡಿಯಲ್ಲಿ ಅವನನ್ನು ನೋಡಿದ, ತನ್ನನ್ನು ನೋಡಿಕೊಂಡ, ಕೆನ್ನೆ ಸವರಿಕೊಂಡ. ಆಮೇಲೆ ಮೆಲ್ಲಗೆ ನಕ್ಕ. "ಚೆನ್ನಾಗೇ ಇದೆ."

"ಮತ್ತೆ?"

"ಸುಮ್ನೆ ಕೂತೆ ಕಣೋ."

ಸುಮ್ನೆ ಕೂತನಂತೆ! ಕತ್ತರಿಯ ಕಿವಿ ಬಿಸಿಯಾಯಿತು. ಚುಚ್ಚುವುದರಲ್ಲಿ ಈ ಮನುಷ್ಯ ಎಷ್ಟು ಪಳಗಿದ್ದಾನೆ ಅಂದರೆ ಮಾತೇ ಬೇಕಾಗಿಲ್ಲ, ಕೂತರೆ ಸಾಕು. ಹೋದ ತಿಂಗಳು ಸಲೂನಿಗೆ ಹೊಸ ಬೋರ್ಡು ಹಾಕಿಸಿದಾಗಲೂ ಹೀಗೇ. ಎದುರು ಬದಿಯಲ್ಲಿ ನಿಂತು ಬೋರ್ಡನ್ನು ನೋಡಿದ, ಮುಂದೆ ಹೋದ, ತಿರುಗಿ ಬಂದ, ಮತ್ತೆ ನೋಡಿದ, ಒಳಗೆ ಕಾಲಿಡದೆ ಹೊರಟುಹೋದ. ಬಣ್ಣ ಚೆನ್ನಾಗಿಲ್ಲ ಅನ್ನುವುದಾದರೆ ಬಾಯಿ ಬಿಟ್ಟು ಹೇಳಬಹುದಿತ್ತು. ಹೆಂಡತಿಗೆ ಹೇಳಿದರೆ ಅವಳು ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತ ನಿಂತಿದ್ದಳು. ಇವತ್ತು ಮನೆ ಬಿಡುವಾಗ ಮಾತ್ರ ಬಾಗಿಲವರೆಗೆ ಬಂದು ಹೇಳಿದ್ದಳು: "ಅಣ್ಣನ ಮೇಲೆ ಒಂದ್ ಕಣ್ಣಿಟ್ಟಿರಿ."

"ನಿಮ್ಮಣ್ಣ ಏನ್ ಎಳೇ ಮಗೂನಾ?"

"ಇಟ್ಟಿರಿ ಅಂದೆ ಅಷ್ಟೇ."

ಕಣ್ಣಿಡುವುದೇನು, ಕತ್ತರಿ ಇವತ್ತು ಅದಕ್ಕಿಂತ ದೊಡ್ಡದನ್ನೇ ಇಟ್ಟುಕೊಂಡು ಬಂದಿದ್ದ. ಅಂಗಿಯ ಜೇಬಿನಲ್ಲಿ, ಮಡಿಸಿದ ಕಾಗದದೊಳಗೆ, ಶೇವಿಂಗ್ ಬ್ರಷ್ಷಿನ ಒಂದೇ ಒಂದು ಕೂದಲು. ತುದಿ ಚೂಪು, ನಡು ಬಿಗಿ. ನೂರು ಕೂದಲಿನಲ್ಲಿ ಆರಿಸಿ ತೆಗೆದದ್ದು.

ಇಪ್ಪತ್ತು ವರ್ಷದ ಹಿಂದೆ ಇದೇ ವೇದಿಕೆಯ ಮೇಲೆ ಕತ್ತರಿ ರಾಜನಾಗಿದ್ದ. ಯುದ್ಧ ಸೋತ ರಾಜ ಹೆಣಗಳ ನಡುವೆ ನಿಂತು ಕೊನೆಯ ಮಾತಾಡುವ ದೃಶ್ಯ. ಅವನು ಅದಕ್ಕಾಗಿ ಮೂರು ತಿಂಗಳು ನಿದ್ದೆಗೆಟ್ಟಿದ್ದ. ಮಾತು ಕಳೆಗಟ್ಟಿತ್ತು. ಮುಂದಿನ ಸಾಲಿನಲ್ಲಿ ಒಬ್ಬಳು ಅಳುವುದಕ್ಕೆ ಸೆರಗು ಎತ್ತಿದ್ದನ್ನು ಅವನೇ ಕಣ್ಣಾರೆ ಕಂಡಿದ್ದ. ಅಷ್ಟರಲ್ಲಿ ಅವನ ಕಾಲಬಳಿ ಸತ್ತು ಬಿದ್ದಿದ್ದ ಸೈನಿಕ, ಅಂದರೆ ಚಾವಿ, ಸೀನಿದ. ಸಣ್ಣ ಸೀನಲ್ಲ, ಮರದ ಹಲಗೆ ಅದುರುವಂಥ ಸೀನು. ಅಳಲು ಎತ್ತಿದ ಸೆರಗು ನಗುವ ಬಾಯಿಗೆ ಹೋಯಿತು. ಆಮೇಲೆ ವರ್ಷಗಟ್ಟಲೆ ಸಲೂನಿನ ಮುಂದೆ ಹಾದುಹೋಗುವ ಪೋಕರಿಗಳು ಒಳಗೆ ಇಣುಕಿ "ಆಕ್ಷೀ ಮಹಾಪ್ರಭು" ಎಂದು ಓಡುತ್ತಿದ್ದರು. ಈ ನಾಟಕದಲ್ಲಿ ಹೆಣವಾಗಿ ಮಲಗಲು ಒಪ್ಪುವವರೆಗೆ ಕತ್ತರಿ ಮತ್ತೆ ವೇದಿಕೆ ಹತ್ತಲಿಲ್ಲ. ಚಾವಿ ಹತ್ತುತ್ತಲೇ ಹೋದ. ಧೂಳಿಗೆ ಬಂತು ಭಾವ, ತಡೆಯೋಕಾಗ್ಲಿಲ್ಲ, ಎಂದು ಎಷ್ಟು ಸಲ ಹೇಳಿದರೂ ಕತ್ತರಿ ನಂಬಲಿಲ್ಲ.

ಕೋಣೆಯ ಬಾಗಿಲು ತಳ್ಳಿಕೊಂಡು ಟೇಪು ಬಂದ. ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಅವನನ್ನು ಯಾರೂ ಕಂಡವರಿಲ್ಲ. ದರ್ಜಿ, ತಂಡದ ಯಜಮಾನ, ಇವತ್ತಿನ ನಾಟಕ ಬರೆದವನು, ಅದರಲ್ಲಿ ಪಾತ್ರ ಮಾಡುವವನು, ಪರದೆ ಎಳೆಯುವವನೂ ಅವನೇ.

"ಹೆಣ ರೆಡಿನಾ?"

"ಹೆಣಕ್ಕೇನು ರೆಡಿ ಆಗೋದಿರುತ್ತೆ," ಅಂದ ಕತ್ತರಿ. "ಮುಖದ ಮೇಲೂ ಬಟ್ಟೆ ಹೊದಿಸ್ತೀಯ. ನನ್ ಬದ್ಲು ಎರಡು ದಿಂಬು ಮಲಗಿಸಬಾರ್ದಾ?"

"ದಿಂಬಿಗೆ ಈ ಹೊಟ್ಟೆ ಎಲ್ಲಿಂದ ತರ್ಲಿ? ಆಮೇಲೆ ಕೈ ನೆನಪಿರ್ಲಿ. ಎರಡೇ ಸಲ ಜಾರಬೇಕು. ಮೊದಲನೇ ಸಲ ನಾನು ಎತ್ತಿಡ್ತೀನಿ, ಎರಡನೇ ಸಲ ಅವನು. ಜನ ನಗ್ತಾರೆ. ಮೂರನೇ ಸಲ ಜಾರಿಸ್ಬೇಡ, ನಗು ಹಳಸಿ ಹೋಗುತ್ತೆ."

"ಗೊತ್ತಪ್ಪಾ."

ಟೇಪು ಚಾವಿಯ ಕಡೆ ತಿರುಗಿದಾಗ ಅವನ ದನಿಯೇ ಬೇರೆಯಾಯಿತು. "ನೀನು ಮಾತ್ರ ಆ ಮೌನ ಬಿಡ್ಬೇಡ ಮಾರಾಯಾ. ಮಾತಿಗೆ ಮುಂಚೆ ನಿಲ್ಲಿಸ್ತೀಯಲ್ಲ, ಎಲ್ಲಿಂದ ಕಲಿತೆಯೋ ಅದನ್ನ! ನಾನ್ ಬರೆದಿದ್ದು ನಂಗೇ ಹೊಸದಾಗಿ ಕೇಳ್ಸುತ್ತೆ."

ಚಾವಿ ನಕ್ಕ. ಕತ್ತರಿ ಜೇಬು ಮುಟ್ಟಿ ನೋಡಿಕೊಂಡ.

ಆ ಮೌನವೇ ಅವನ ನಿದ್ದೆ ಕೆಡಿಸಿದ್ದು. ಎರಡು ತಿಂಗಳ ತಾಲೀಮಿನಲ್ಲಿ ಅವನು ಬಟ್ಟೆಯಡಿ ಮಲಗಿ ಕೇಳಿದ್ದ. ಚಾವಿ ಮಾತಿನ ನಡುವೆ ನಿಲ್ಲಿಸುತ್ತಿದ್ದ. ಟೇಪು 'ಆಹಾ' ಅನ್ನುತ್ತಿದ್ದ. ಆಮೇಲೆ ಮಾತು ಬರುತ್ತಿತ್ತು. ಇಷ್ಟೇ ತಾನೇ ಎಂದುಕೊಂಡು ಕತ್ತರಿ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಸಲೂನಿನ ಬಾಗಿಲು ಮುಚ್ಚಿ, ಕನ್ನಡಿಗಳ ಮುಂದೆ ನಿಂತು, ಭಾವನ ಕೊನೆಯ ಮಾತನ್ನೆಲ್ಲ ತಾನೇ ಹೇಳಿ ನೋಡಿದ್ದ. ಒಂದಕ್ಷರ ಬಿಡದೆ ಬಾಯಿಪಾಠವಾಗಿತ್ತು. ಮೌನಕ್ಕಾಗಿ ಮಾತು ನಿಲ್ಲಿಸಿಯೂ ನೋಡಿದ್ದ. ಅವನು ನಿಲ್ಲಿಸಿದರೆ ಅದು ಬರೀ ಬಾಯಿ ಮುಚ್ಚಿಕೊಂಡಿದ್ದ ಹಾಗೆ ಕಾಣುತ್ತಿತ್ತು.

ನಾಟಕ ಶುರುವಾಯಿತು. ಮಂಚ, ಮಂಚದ ಮೇಲೆ ಹೆಣ, ಗೋಡೆಯ ಮೊಳೆಗೆ ಸತ್ತವನ ಕೋಟು. ಸತ್ತವನಿಗೆ ಇಬ್ಬರು ಗೆಳೆಯರು. ತನ್ನನ್ನೇ ಹೆಚ್ಚು ಹಚ್ಚಿಕೊಂಡಿದ್ದ ಎಂದು ಇಬ್ಬರೂ ಹೆಣದ ಮುಂದೆ ಜಗಳಕ್ಕೆ ನಿಂತಿದ್ದಾರೆ.

"ಸಾಯೋಕ್ ಮುಂಚೆ ನನ್ನನ್ನೇ ಕೇಳಿದ್ನಂತೆ," ಅಂದ ಟೇಪು.

"ಕೇಳಿರ್ತಾನೆ. ಇನ್ನೂ ಹೋಗಿಲ್ವಾ ಆ ಶನಿ ಅಂತ," ಅಂದ ಚಾವಿ.

ಸಭೆ ಗೊಳ್ಳೆಂದಿತು. ಕತ್ತರಿಯ ಕೈ ಮೊದಲನೇ ಸಲ ಜಾರಿತು, ಟೇಪು ಎತ್ತಿಟ್ಟ, ಜನ ನಕ್ಕರು. ಕೋಟಿಗಾಗಿ ಎಳೆದಾಟವಾಯಿತು. ಕೈ ಎರಡನೇ ಸಲ ಜಾರಿತು, ಚಾವಿ ಎತ್ತಿಟ್ಟು "ಕೋಟು ಬೇಕಂತೆ ಅವನಿಗೇ" ಅಂದ, ಜನ ಇನ್ನೂ ಜೋರಾಗಿ ನಕ್ಕರು. ಬಿಳಿ ಬಟ್ಟೆಯ ಮೂಲಕ ದೀಪದ ಬೆಳಕು ಹಾಲಿನ ಹಾಗೆ ಇಳಿಯುತ್ತಿತ್ತು. ಇಪ್ಪತ್ತು ವರ್ಷದ ಮೇಲೆ ಆ ಬೆಳಕಿನಲ್ಲಿ ಮಲಗಿ, ಕಾಣದ ಅಷ್ಟು ಜನರ ಉಸಿರನ್ನು ಕೇಳುತ್ತ ಕತ್ತರಿಯ ಮೈ ಜುಮ್ಮೆಂದಿತು. ಆ ಉಸಿರು ಹತ್ತಿರ ಬರುತ್ತಿತ್ತು, ಹಿಂದೆ ಸರಿಯುತ್ತಿತ್ತು, ದೊಡ್ಡದೊಂದು ಪ್ರಾಣಿ ಕತ್ತಲಲ್ಲಿ ಮಲಗಿದ್ದ ಹಾಗೆ. ಇಂಥದ್ದನ್ನು ಬಿಟ್ಟು ಕೂತಿದ್ದೆನಲ್ಲ ಅನ್ನಿಸಿತು.

ಟೇಪು ಮುನಿಸಿಕೊಂಡು ಬಾಗಿಲು ಬಡಿದು ಹೊರಗೆ ಹೋದ. ಇನ್ನು ವೇದಿಕೆಯ ಮೇಲೆ ಚಾವಿ ಮತ್ತು ಹೆಣ, ಇಬ್ಬರೇ. ಕೊನೆಯ ಮಾತು ಇದೇ.

ಕತ್ತರಿ ಬಟ್ಟೆಯಡಿ ಎಡಗೈಯಿಂದ ಮೆಲ್ಲಗೆ ಕಾಗದ ಬಿಡಿಸಿ ಕೂದಲು ಹಿಡಿದ. ಯಾವ ಮಾತಿನ ಮೇಲೆ ಸೀನಬೇಕು ಎನ್ನುವುದನ್ನೂ ಆರಿಸಿಟ್ಟಿದ್ದ. "ಇನ್ನು ನಾನು ಯಾರನ್ನು ಬೈಯಲಿ" ಅನ್ನುವ ಮಾತು. ಅಲ್ಲಿ ಕಲ್ಲೂ ಕರಗಬೇಕು. ಅಲ್ಲೇ.

"ನೀನು ಸತ್ತೆ ಅಂತ ನಂಗೆ ಬೇಜಾರಿಲ್ಲ," ಅಂದ ಚಾವಿ. "ನನಗಿಂತ ಮುಂಚೆ ಸತ್ತೆಯಲ್ಲ, ಅದು ಬೇಜಾರು."

ಜನ ನಕ್ಕು, ನಕ್ಕಿದ್ದಕ್ಕೆ ನಾಚಿ ಸುಮ್ಮನಾದರು. ಎಷ್ಟು ಸಣ್ಣ ದನಿಯಲ್ಲಿ ಹೇಳಿದ! ಆದರೂ ಕೊನೆಯ ಸಾಲಿನವರೆಗೆ ಮುಟ್ಟಿತ್ತು. ಕತ್ತರಿ ಕೂದಲನ್ನು ಮೂಗಿಗೆ ಏರಿಸಿ ಒಂದು ಸುತ್ತು ತಿರುಗಿಸಿದ. ಸೀನು ದೂರದಲ್ಲಿ ಎದ್ದು ಕೂತಿತು. ಸರಿಯಾದ ಹೊತ್ತಿಗೆ ಬರುತ್ತದೆ.

ಮುಂದಿನ ಮಾತು ಬರಲಿಲ್ಲ.

ಮೌನ, ಅಂದುಕೊಂಡ ಕತ್ತರಿ. ಇದೇ ಆ ದೊಡ್ಡ ಮೌನ. ಸಭೆಯೂ ಉಸಿರು ಬಿಗಿಹಿಡಿದಿತ್ತು. ಪರದೆಯ ಹಗ್ಗದ ಹತ್ತಿರದಿಂದ ಟೇಪು ಮೆಲ್ಲಗೆ 'ಆಹಾ' ಅಂದದ್ದು ಕೇಳಿಸಿತು. ಮೌನ ಮುಗಿಯಲಿಲ್ಲ. ಚಾವಿಯ ಮೊಣಕಾಲು ಮಂಚದ ಅಂಚಿಗೆ ಒರಗಿತ್ತು. ಮಂಚ ನಡುಗುತ್ತಿತ್ತು. ಆ ನಡುಕ ನೇರವಾಗಿ ಕತ್ತರಿಯ ಬೆನ್ನಿಗೆ ಬರುತ್ತಿತ್ತು.

ನಟನೆಯಲ್ಲಿ ಮೊಣಕಾಲು ಹೀಗೆ ನಡುಗುವುದಿಲ್ಲ. ಸಭೆಗೆ ಕಾಣದ ಮೊಣಕಾಲನ್ನು ಯಾರು ನಡುಗಿಸುತ್ತಾರೆ?

ಮರೆತಿದ್ದಾನೆ.

ಬಿಗಿಯಾಗಿ ಮುಚ್ಚಿದ್ದ ಬಾಗಿಲು ತಂತಾನೇ ತೆರೆದುಕೊಂಡ ಹಾಗೆ ಕತ್ತರಿಗೆ ಎಲ್ಲವೂ ಒಟ್ಟಿಗೆ ಕಾಣಿಸಿತು. ಬೋರ್ಡಿನ ಮುಂದೆ ಹೋಗಿ ಬಂದು ಹೋಗಿ ಬಂದು ನಿಂತವನಿಗೆ ಆ ಅಂಗಡಿ ಯಾರದೆಂದು ಹೊಳೆದಿರಲಿಲ್ಲ. ಬೋಳಿಸಿಕೊಂಡ ಕೆನ್ನೆ ಬೋಳಿಸಿದ್ದೆಂದು ನೆನಪಿರಲಿಲ್ಲ. ತಾಲೀಮಿನ ಆ ಮೌನಗಳೆಲ್ಲ ಒಂದೊಂದೂ ಒಬ್ಬ ಮನುಷ್ಯ ಕತ್ತಲ ಕೋಣೆಯಲ್ಲಿ ಕೈಯಾಡಿಸಿ ಮಾತು ಹುಡುಕುತ್ತಿದ್ದ ಹೊತ್ತು. ಲೋಟ ಒರೆಸುತ್ತಿದ್ದವಳಿಗೆ ಗೊತ್ತಿತ್ತು. ಅಣ್ಣನ ಮಾನ ಹೋಗದಿರಲಿ ಅಂತ ಗಂಡನ ಹತ್ತಿರವೂ ಬಿಡಿಸಿ ಹೇಳಿರಲಿಲ್ಲ.

ಅದೇ ಹೊತ್ತಿಗೆ ಸೀನು ಹತ್ತಿರ ಬಂತು.

ಗಿರಾಕಿಗೆ ರೇಜರಿನ ಕೆಳಗೆ ಸೀನು ಬಂದರೆ ಮೂಗಿನ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಎಷ್ಟೋ ಜನರ ಮೂಗು ಒತ್ತಿದ್ದ ಕತ್ತರಿ ಈಗ ಬಟ್ಟೆಯಡಿ ತನ್ನ ಮೂಗನ್ನೇ ಒತ್ತಿ ಹಿಡಿದ. ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಇನ್ನೊಂದು ಕೈಯನ್ನು ಹಾಗೇ ಸಡಿಲ ಬಿಟ್ಟ.

ಕೈ ಮೂರನೇ ಸಲ ಜಾರಿತು.

ಜನ ನಗಲಿಲ್ಲ. ಚಾವಿ ಆ ಕೈಯನ್ನು ನೋಡಿದನೇನೋ. ಬಗ್ಗಿದ, ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡ. ಅವನ ಅಂಗೈ ತಣ್ಣಗಿತ್ತು. ಮುಖ ಹತ್ತಿರ ಬಂದಾಗ ಸೋಪಿನ ವಾಸನೆ ಬಂತು, ಕತ್ತರಿಯದೇ ಸೋಪು. ಎದುರಿಗೇ ಕೂತ ಗಿರಾಕಿಯ ಬಗ್ಗೆ ಪಕ್ಕದವನ ಹತ್ತಿರ ತುಟಿ ಅಲುಗಿಸದೆ ಮಾತಾಡುವ ವಿದ್ಯೆ ಸಲೂನಿನಲ್ಲಿ ಎಲ್ಲರಿಗೂ ಬರುತ್ತದೆ. ಕತ್ತರಿ ಹಾಗೇ ಮುಂದಿನ ಮಾತನ್ನು ಉಸಿರಿದ: "ಎಲ್ಲದ್ರಲ್ಲೂ ನನಗಿಂತ ಮುಂದೆ ನೀನು."

ಚಾವಿ ಅಲುಗಲಿಲ್ಲ. ಆಮೇಲೆ ಹೆಣವನ್ನೇ ಕೇಳಿದ: "ಏನಂದೆ?"

ಸಭೆಯಲ್ಲಿ ಒಂದಿಬ್ಬರು ನಕ್ಕರು, ಮಿಕ್ಕವರು ಅವರನ್ನು ಸುಮ್ಮನಿರಿಸಿದರು. ಕತ್ತರಿ ಮತ್ತೆ ಉಸಿರಿದ.

"ಹೌದು," ಅಂದ ಚಾವಿ. ಆ ಹೌದು ನಾಟಕದಲ್ಲಿರಲಿಲ್ಲ. "ಎಲ್ಲದ್ರಲ್ಲೂ ನನಗಿಂತ ಮುಂದೆ ನೀನು."

"ಓಟದಲ್ಲಿ ಮುಂದೆ. ಬಸ್ಸಿನ ಕಿಟಕಿ ಸೀಟಿಗೆ ಮುಂದೆ."

"ಓಟದಲ್ಲಿ ಮುಂದೆ..." ಚಾವಿ ಕೈಯನ್ನು ಒಮ್ಮೆ ಅದುಮಿದ. "ಬಸ್ಸಲ್ಲಿ ಕಿಟಕಿ ಸೀಟು ನಿಂದೇ. ನಾನು ಜೀವಮಾನವಿಡೀ ನಿನ್ನ ಕಿವಿ ನೋಡ್ಕೊಂಡು ಊರು ನೋಡ್ದೆ."

ಕಿವಿಯ ಮಾತನ್ನು ಟೇಪು ಬರೆದಿರಲಿಲ್ಲ, ಕತ್ತರಿ ಹೇಳಿಕೊಟ್ಟಿರಲಿಲ್ಲ. ಸಭೆ ನಗುವುದೋ ಬಿಡುವುದೋ ತಿಳಿಯದ ಹಾಗೆ ಒಂದು ಸದ್ದು ಮಾಡಿತು. ಕತ್ತರಿಯ ರೋಮ ನಿಮಿರಿತು. ಅವನು ಕೊಡುತ್ತಿದ್ದುದು ಬರೀ ಮಾತು, ಸಲೂನಿನ ಕನ್ನಡಿಗಳಿಗೆ ಹೇಳಿ ಹೇಳಿ ಸವೆದ ಮಾತು. ಚಾವಿ ಅದನ್ನು ಕಿವಿಯಲ್ಲಿ ತಗೊಂಡು, ಎಲ್ಲಿಗೋ ಆಳಕ್ಕೆ ಒಯ್ದು, ತೊಳೆದು, ಎತ್ತಿ ಜನರ ಮುಂದೆ ಇಡುತ್ತಿದ್ದ. ಸತ್ತವನು ಏನೋ ಹೇಳುತ್ತಿದ್ದಾನೆ, ಬದುಕಿದವನು ಕೇಳಿಸಿಕೊಳ್ಳುತ್ತಿದ್ದಾನೆ. ಸಭೆ ಕಂಡದ್ದು ಇದನ್ನೇ, ಇದು ನಿಜವೂ ಆಗಿತ್ತು. ತಾನು ಸಾವಿರ ಸಲ ಹೇಳಿದ್ದರೂ ಹೀಗೆ ಬರುತ್ತಿರಲಿಲ್ಲ ಎಂದು ಕತ್ತರಿಗೆ ಗೊತ್ತಾಯಿತು. ಹೊಟ್ಟೆಕಿಚ್ಚು ಬರಬೇಕಿತ್ತು. ಹುಡುಕಿದ, ಸಿಗಲಿಲ್ಲ. ಗುಡ್ಡದ ಬುಡದಲ್ಲಿ ನಿಂತು ತಲೆ ಎತ್ತಿದವನ ಹಾಗಿದ್ದ.

ಸೀನು ಮಾತ್ರ ಹೋಗಿರಲಿಲ್ಲ. ಅದು ಮೂಗಿನ ಬಾಗಿಲಲ್ಲೇ ಕೂತಿತ್ತು, ಇಪ್ಪತ್ತು ವರ್ಷದ ಬಾಕಿ ತೀರಿಸಿಕೊಂಡೇ ಹೋಗುವವರ ಹಾಗೆ. ಹೆಬ್ಬೆರಳು ಮರಗಟ್ಟಿತು. ಹಲ್ಲಿನ ಮೇಲೆ ಹಲ್ಲಿಟ್ಟು ಅವನು ಒಂದೊಂದೇ ಮಾತು ಉಸಿರುತ್ತ ಹೋದ. ಎಳೇ ಮಗುವಿಗೆ ತುತ್ತು ಇಡುವ ಹಾಗೆ, ಒಂದು ನುಂಗಿದ ಮೇಲೆ ಇನ್ನೊಂದು. ಧೂಳಿಗೆ ಬಂತು ಭಾವ, ತಡೆಯೋಕಾಗ್ಲಿಲ್ಲ, ಎಂದು ಚಾವಿ ಹೇಳುತ್ತಿದ್ದ. ತಡೆಯುವುದು ಎಷ್ಟು ಕಷ್ಟ ಅಂತ ಈಗ ತಿಳಿಯುತ್ತಿತ್ತು.

"ಬೆಳಗ್ಗೆ ಎದ್ರೆ ನಂಗೆ ಒಂದು ಕೆಲಸ ಇತ್ತು."

"ಬೆಳಗ್ಗೆ ಎದ್ರೆ ನಂಗೆ ಒಂದು ಕೆಲಸ ಇತ್ತು," ಅಂದ ಚಾವಿ. "ನಿನ್ನನ್ನ ಬೈಯೋದು."

ಅದನ್ನು ಅವನೇ ನೆನಪು ಮಾಡಿಕೊಂಡಿದ್ದ. ಕತ್ತರಿಗೆ ಹಿಗ್ಗಾಯಿತು.

"ಇನ್ನು ನಾನು ಯಾರನ್ನ ಬೈಯ್ಲಿ?" ಅಂತ ಹೇಳಿಕೊಡುವಾಗ ಕತ್ತರಿಯ ದನಿ ಕೈಕೊಟ್ಟಿತು. ಉಸಿರು ಮಾತ್ರ ಹೋಯಿತು. ಆದರೂ ಚಾವಿಗೆ ಮುಟ್ಟಿತು.

"ಇನ್ನು ನಾನು ಯಾರನ್ನ ಬೈಯ್ಲೋ?"

ಆ ಕತ್ತಲ ದೊಡ್ಡ ಪ್ರಾಣಿ ಉಸಿರಾಡುವುದನ್ನೇ ಬಿಟ್ಟಿತು. ಎಲ್ಲೋ ಒಂದು ಕುರ್ಚಿ ಕಿರುಗುಟ್ಟಿ ಅದೂ ಸುಮ್ಮನಾಯಿತು. ಕತ್ತರಿಯ ಕಣ್ಣೀರು ಕಿವಿಯೊಳಕ್ಕೆ ಹರಿಯುತ್ತಿತ್ತು. ಸೀನಿನದೋ ಯಾವುದರದೋ, ಅವನು ವಿಚಾರಿಸಲು ಹೋಗಲಿಲ್ಲ. ಒಂದು ಸಲ ಎದೆ ಎಗರಿತು, ಸೀನು ಒಳಗೇ ಒಡೆದು ಇಂಗಿಹೋಯಿತು.

ಇನ್ನು ಉಳಿದದ್ದು ಕೋಟು. ಕತ್ತರಿ ಹೇಳಿಕೊಟ್ಟ, ಚಾವಿ ಎದ್ದುಹೋಗಿ ಮೊಳೆಯಿಂದ ಕೋಟು ತಂದ. ತೊಟ್ಟು ನೋಡಿದ. "ನಂಗೆ ಸರಿಹೋಗುತ್ತೆ ಅಂದ್ಕೊಂಡಿದ್ದೆ. ಭುಜ ದೊಡ್ಡದಾಯ್ತು," ಅಂದ. ಬಿಚ್ಚಿ, ಹೆಣದ ಮೇಲೆ ಹೊದಿಸಿ, ಎದೆಯ ಹತ್ತಿರ ಸುಕ್ಕು ತಿದ್ದಿದ.

ಅಷ್ಟೇ. ನಾಟಕ ಮುಗಿಯಿತು. ಇನ್ನು ಪರದೆ ಬೀಳಬೇಕು.

ಪರದೆ ಬೀಳಲಿಲ್ಲ. ಬಟ್ಟೆಯ ಅಂಚಿನ ಸಂದಿನಿಂದ ಕತ್ತರಿ ಪಕ್ಕಕ್ಕೆ ಕಣ್ಣು ಹಾಯಿಸಿದ. ಟೇಪು ಹಗ್ಗ ಹಿಡಿದು ನಿಂತಿದ್ದ, ಬಾಯಿ ತೆರೆದಿತ್ತು, ಕೊರಳಿನ ಅಳತೆಯ ಟೇಪು ಜಾರಿ ನೆಲದಲ್ಲಿ ಬಿದ್ದಿತ್ತು. ಚಾವಿ ಇನ್ನೂ ಏನೋ ಹೇಳುತ್ತಾನೆ, ತಾನು ಬರೆದದ್ದಕ್ಕಿಂತ ದೊಡ್ಡದು ಇನ್ನೂ ಏನೋ ಬರಲಿದೆ ಎಂದು ಅವನು ಕಾಯುತ್ತಿದ್ದ. ಸಭೆಯೂ ಕಾಯುತ್ತಿತ್ತು.

ಚಾವಿ ಮಂಚದ ಅಂಚಿನಲ್ಲಿ ಕೂತ. ಸತ್ತವನ ಕೈಯನ್ನು ಬಟ್ಟೆಯಡಿಯಿಂದ ಹುಡುಕಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಮುಂದೆ ಉರಿಯುತ್ತಿದ್ದ ದೀಪಗಳನ್ನು, ಅವುಗಳ ಆಚೆಯ ಕತ್ತಲನ್ನು, ಗೋಡೆಯ ಖಾಲಿ ಮೊಳೆಯನ್ನು ಒಂದೊಂದಾಗಿ ನೋಡಿದ. ಸಲೂನಿನ ಬೋರ್ಡನ್ನು ನೋಡಿದ್ದು ಹೀಗೇ. ಅವನ ಮೊಣಕಾಲು ಮತ್ತೆ ನಡುಗತೊಡಗಿತು.

ಹೇಳಿಕೊಡಲು ಕತ್ತರಿಯ ಹತ್ತಿರ ಇನ್ನು ಮಾತು ಉಳಿದಿರಲಿಲ್ಲ. ಅವನು ಚಾವಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಭಾವ," ಅಂದ ಚಾವಿ. ದನಿ ಸಣ್ಣದಾಗಿತ್ತು, ಕೊನೆಯ ಸಾಲಿನವರೆಗೂ ಮುಟ್ಟಿತು. "ನನ್ನನ್ನ ಮನೆಗ್ ಕರ್ಕೊಂಡ್ ಹೋಗೋ."